ಗೌರತ್ತೆ ಹಡಗಿಗೆ ಬಟ್ಟೆ ಕಟ್ಟಿದ್ದು

ನಮ್ಮ ಗೌರತ್ತೆ ಆಕಾಶವನ್ನು ನಂಬುತ್ತಿರಲಿಲ್ಲ. ಬಿರುಬೇಸಿಗೆಯಲ್ಲಿ ಪಕ್ಕದ ಬಾಣಾವರಕ್ಕೆ ಮದುವೆಗೆ ಹೊರಟರೂ ಅವರ ಕೈಚೀಲದಲ್ಲಿ ಒಂದು ಶಾಲು, ಒಂದು ಟವೆಲು, ಕಿವಿಗೆ ಇಟ್ಟುಕೊಳ್ಳಲು ಹತ್ತಿ ಇದ್ದೇ ಇರುತ್ತಿದ್ದವು. ಯಾರಾದರೂ ನಕ್ಕರೆ ಸೊಂಟದ ಮೇಲೆ ಕೈಯಿಟ್ಟು, "ನಗ್ರಿ, ನಗ್ರಿ. ಮೋಡ ನಿಮ್ಮನ್ನ ಕೇಳ್ಕಂಡು ಬತ್ತೈತಾ?" ಎನ್ನುತ್ತಿದ್ದರು. ಸಂಜೆ ಅಡ್ಡಮಳೆ ಹೊಡೆದರೆ ನಕ್ಕವರೇ ಹತ್ತಿರ ಬಂದು ಆ ಟವೆಲು ಕೇಳುತ್ತಿದ್ದರು. ಅತ್ತೆ ಕೊಡುತ್ತಿದ್ದರು, ಆದರೆ ಸ್ವಲ್ಪ ಕಾಯಿಸಿ.

ಗೌರತ್ತೆ ನನ್ನ ತಂದೆಯ ಅಕ್ಕ. ಹುಟ್ಟಿದ್ದು ಹಳೇಬೀಡಿನಲ್ಲಿ, ಸೇರಿದ್ದು ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ರುದ್ರಪ್ಪ ಮಾವನ ಮನೆ. ಅರವತ್ತರ ದಶಕದ ಮೊದಲಲ್ಲಿ ನನಗೆ ಅರಸೀಕೆರೆಯ ಶಾಲೆಯಲ್ಲಿ ಉಪಾಧ್ಯಾಯಿನಿಯ ಕೆಲಸ ಸಿಕ್ಕಾಗ ನಾನು ಅವರ ಮನೆಯಲ್ಲೇ ಉಳಿದುಕೊಂಡೆ. ಅತ್ತೆಯದು ಹಣೆ ತುಂಬ ವಿಭೂತಿ, ತಲೆ ಮೇಲೆ ಜಾರದ ಸೆರಗು, ಅಂಗಳದಿಂದ ಬೀದಿಯ ತುದಿಗೆ ಕೇಳುವ ಗಂಟಲು. ಆ ಗಂಟಲಿಗೆ ಇದ್ದ ಒಂದೇ ಶತ್ರು ಕೆಮ್ಮು. ಮಾಗಿ ಚಳಿ ಕಾಲಿಟ್ಟಿತೆಂದರೆ ಅತ್ತೆಗೆ ಕೆಮ್ಮು ಶುರುವಾಗುತ್ತಿತ್ತು. ಯುಗಾದಿಯ ಹೊತ್ತಿಗೆ ಬಿಡುತ್ತಿತ್ತು.

ಅವರ ಒಬ್ಬಳೇ ಮಗಳು ನೀಲಾ ಡಾಕ್ಟರ್ ಗಂಡನ ಜೊತೆ ಇಂಗ್ಲೆಂಡಿನಲ್ಲಿದ್ದಳು. ಹಿಂದಿನ ವರ್ಷ ಅವಳಿಗೆ ನಿಂತ ಬಸಿರು ಇಳಿದುಹೋಗಿತ್ತು. ಈಗ ಮತ್ತೆ ಗರ್ಭಿಣಿ. ಅವಳ ಕಾಗದವನ್ನು ನಾನೇ ಅತ್ತೆಗೆ ಓದಿ ಹೇಳಿದೆ. "ಅವ್ವಾ, ಈ ಸಲ ನೀನು ಪಕ್ಕದಲ್ಲಿರ್ತೀಯಾ?" ಎಂದು ಬರೆದಿದ್ದಳು. ಅತ್ತೆ ಕೊಬ್ಬರಿ ಹೆಚ್ಚುತ್ತಿದ್ದ ಕೈಯನ್ನು ಒರೆಸಿಕೊಂಡು, "ಬತ್ತೀನಿ ಅಂತ ಬರಿ," ಎಂದರು. ಮಾವನನ್ನು ಕೇಳಲೂ ಇಲ್ಲ.

ಆಗ ನಮ್ಮಂಥವರು ಬೊಂಬಾಯಿಯಿಂದ ಹಡಗಿನಲ್ಲೇ ಹೋಗಬೇಕು. ಅಳಿಯ ಹವೆಯ ಬಗ್ಗೆ ಬರೆದಿದ್ದ: ಮೊದಲು ಬೆವರು ಸುರಿಯುವ ಸೆಕೆ, ಸೂಯೆಜ್ ಕಾಲುವೆ ದಾಟಿದ ಮೇಲೆ ಚಳಿ, ಕೊನೆಕೊನೆಗೆ ಒಂದೇ ದಿನದಲ್ಲಿ ಬಿಸಿಲು, ಮಳೆ, ಕೊರೆಯುವ ಗಾಳಿ ಎಲ್ಲವೂ. ಇದನ್ನು ಕೇಳಿ ರುದ್ರಪ್ಪ ಮಾವ ಗಲ್ಲಾಪೆಟ್ಟಿಗೆಯ ಮೇಲೆ ಕೈ ಬಡಿದರು.

"ತವರಿಗೆ ಹೊರಟ್ರೆ ಹಳೇಬೀಡು ಮುಟ್ಟೋದ್ರೊಳಗೆ ಕೆಮ್ಮೋಳು ನೀನು. ಇಂಗ್ಲೆಂಡಿಗೆ ಹೋಗ್ತೀಯಾ?"

"ಹೋಗ್ತೀನಿ."

"ಹಂಗಾದ್ರೆ ಬೆಳಗಿನ ಪ್ಯಾಸೆಂಜರ್ ಗಾಡೀಲಿ ಬಾಣಾವರಕ್ಕೆ ಹೋಗಿ ಬಾ. ಬಾಗಿಲಲ್ಲಿ ನಿಂತ್ಕೋ, ಗಾಳಿ ಹೊಡೀಲಿ. ಕೆಮ್ಮದೆ ಬಂದ್ರೆ ಹಡಗು. ಕೆಮ್ಮಿದ್ರೆ ಆ ಮಾತು ಎತ್ತಬ್ಯಾಡ."

ಮಾತು ಅಲ್ಲಿಗೆ ಮುಗಿಯಲಿ ಎಂದು ಮಾವ ಹಾಗೆಂದಿದ್ದರು. ಅತ್ತೆ ಮರುದಿನವೇ ಹೊರಟು ನಿಂತರು.

ಮನೆಯಲ್ಲಿದ್ದ ಬೆಚ್ಚನೆಯದನ್ನೆಲ್ಲ ಅವರು ಮೈಮೇಲೆ ಏರಿಸಿದ್ದರು. ಎರಡು ರವಿಕೆ, ಅದರ ಮೇಲೆ ನನ್ನ ಸ್ವೆಟರು, ಅದರ ಮೇಲೆ ಮಾವನ ಉಣ್ಣೆ ಕೋಟು, ಮೇಲೆ ಸೆರಗು, ಶಾಲು, ಎಲ್ಲಕ್ಕೂ ಮೇಲೆ ಹಳೇಬೀಡಿನ ಕರಿಕಂಬಳಿ. ರೈಲು ಡಬ್ಬಿಯೊಳಗೆ ಹತ್ತಲು ನಾನು ಹಿಂದಿನಿಂದ ನೂಕಬೇಕಾಯಿತು. ಬಾಗಿಲಲ್ಲಿ ನಿಂತ ಅವರನ್ನು ಟಿಕೆಟ್ ನೋಡುವವರು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಯಾವೂರಿಗಮ್ಮಾ?"

"ಇಂಗ್ಲೆಂಡಿಗೆ."

"ಟಿಕೆಟ್ಟು ಬಾಣಾವರದ್ದಲ್ವಾ?"

"ಹೂಂ. ಮೊದಲು ಬಾಣಾವರಕ್ಕೋಗಿ ನೋಡ್ತೀನಿ, ಆಮೇಲೆ ಅಲ್ಲಿಗೆ."

ಗಾಳಿ ಅವರನ್ನು ಮುಟ್ಟಲೇ ಇಲ್ಲ. ತೊಂದರೆಯಾದದ್ದು ಬಾಣಾವರದಲ್ಲಿ. ಇಳಿಯುವ ಹೊತ್ತಿಗೆ ಬಿಸಿಲು ಏರಿ ಅತ್ತೆ ಬೆವರಿನಲ್ಲಿ ತೊಯ್ದುಹೋಗಿದ್ದರು. ಪ್ಲಾಟ್‌ಫಾರ್ಮಿನ ಮೂಲೆಯಲ್ಲಿ ನನ್ನನ್ನು ಅಡ್ಡ ನಿಲ್ಲಿಸಿಕೊಂಡು ಕಂಬಳಿ, ಶಾಲು, ಕೋಟು, ಸ್ವೆಟರು ಎಲ್ಲವನ್ನೂ ಒಟ್ಟಿಗೇ ಕಿತ್ತು ಹಾಕಿದರು. ಒದ್ದೆ ಮೈಗೆ ಗಾಳಿ ಬಡಿಯಿತು. ವಾಪಸ್ಸು ಬರುವಾಗ ಶುರುವಾದ ಕೆಮ್ಮು ಮನೆಯ ತಿರುವಿನವರೆಗೂ ನಿಲ್ಲಲಿಲ್ಲ. ಮಾವ ಜಗಲಿಯ ಮೇಲಿಂದಲೇ ಕೇಳಿಸಿಕೊಂಡರು. "ಆಯ್ತಲ್ಲ?" ಎಂದಷ್ಟೇ ಹೇಳಿ ಕೊಬ್ಬರಿ ಮಂಡಿಗೆ ಹೋದರು.

ಆ ಸಂಜೆ ಅತ್ತೆ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತಿದ್ದರು. ಅವರ ಗಂಟಲು ಅಷ್ಟು ಸಣ್ಣದಾಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. "ಹೋದ ಸಲ ನೀಲಾ ನೊಂದ್ಕಂಡು ಮಲಗಿದ್ದಾಗ ಒಂದು ಲೋಟ ಬಿಸಿನೀರು ಕೊಡೋರು ಪಕ್ಕದಲ್ಲಿ ಇರ್ಲಿಲ್ಲ ಕಣೇ ವಿಮಲಾ. ಗಂಡ ಆಸ್ಪತ್ರೇಲಿ, ಇವಳು ಒಬ್ಬಳೇ ಮನೇಲಿ." ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ತಲೆಯೆತ್ತಿ, "ದಪ್ಪಂದು ಹಾಕಿದ್ದೇ ತಪ್ಪಾಯ್ತು. ತೆಳ್ಳಂದು ಹಾಕ್ಬೇಕು, ಒಂದರ ಮೇಲೊಂದು, ಬಾಳೆದಿಂಡು ಇರ್ತದಲ್ಲ ಹಂಗೆ. ಸೆಕೆಯಾದ್ರೆ ಒಂದು ತೆಗಿ, ಚಳಿಯಾದ್ರೆ ಒಂದು ಹಾಕು. ಎಲ್ಲಾನೂ ಒಟ್ಟಿಗೆ ಕೀಳಬಾರ್ದು," ಎಂದರು.

ಮರುದಿನದಿಂದ ಮನೆ ದರ್ಜಿ ಅಂಗಡಿಯಾಯಿತು. ನನ್ನ ಸ್ವೆಟರನ್ನು ಪೂರ್ತಿ ಬಿಚ್ಚಿಸಿ, ಮುಂದೆ ಗುಂಡಿ ಬರುವ ಹಾಗೆ ನನ್ನ ಕೈಯಲ್ಲೇ ಮತ್ತೆ ಹೆಣೆಸಿದರು. "ತಲೆ ಮೇಲಿಂದ ಇಳಿಸೋದು ಬ್ಯಾಡ. ಅಷ್ಟು ಹೊತ್ತು ಸೆರಗು ಹಿಡಿಯೋರು ಯಾರು?" ತುಂಬು ತೋಳಿನ ಫ್ಲಾನೆಲ್ ರವಿಕೆಗಳನ್ನು ಹೊಲಿಸಿದರು. ಮಾವನ ಹಳೆಯ ಉಣ್ಣೆ ಪೈಜಾಮ ಮೊಳಕಾಲ ಕೆಳಗೆ ಕತ್ತರಿಸಿಕೊಂಡು ಲಂಗದ ಒಳಗೆ ಸೇರಿತು. ಕ್ಯಾನ್ವಾಸ್ ಬೂಟು, ಕಾಲುಚೀಲ ಹಾಕಿಕೊಂಡು ಕೊಬ್ಬರಿ ಹರವಿದ ಅಂಗಳದಲ್ಲಿ ಒಂದೂ ಹೋಳು ತುಳಿಯದೆ ನಡೆಯುವುದನ್ನು ಅಭ್ಯಾಸ ಮಾಡಿದರು. ಹಡಗು ಓಲಾಡುತ್ತದಂತೆ ಎಂದು ನಾನು ಹೇಳಿದ ಮೇಲೆ, ಓಲಾಡುತ್ತಲೂ ನಡೆದರು. ಮಂಡಿಯ ಹಮಾಲರು ಮೂಟೆ ಇಳಿಸಿ ನಿಂತು ನೋಡುತ್ತಿದ್ದರು.

ಕೆಮ್ಮು ಇಳಿದ ಮೇಲೆ ಒಂದು ದಿನ ಅತ್ತೆ ಮಾವನ ಮುಂದೆ ಹೋಗಿ, "ಇನ್ನೊಂದು ಸಲ ಬಾಣಾವರ. ಈ ಸಲ ನೀವೂ ಬನ್ರಿ, ಕಣ್ಣಾರೆ ನೋಡ್ರಿ," ಎಂದರು. ಮಾವ ಬಂದರು. ತೆಳುವಾದ ಅಂಗಿ, ಪಂಚೆ, ಹೆಗಲ ಮೇಲೊಂದು ವಲ್ಲಿ, ಅಷ್ಟೇ. ಚಳಿಗೆ ಹೆದರುವವರು ಹೆಂಗಸರು ಎಂಬ ಠೀವಿ.

ಗಾಡಿ ಬಿಟ್ಟಿತು. ಇಬ್ಬರೂ ಬಾಗಿಲ ಎರಡು ಬದಿಗೆ ನಿಂತರು. ಬಯಲಿಗೆ ಬಂದ ಕೂಡಲೇ ಗಾಳಿ ಕತ್ತಿಯಂತೆ ನುಗ್ಗಿತು, ಜೊತೆಗೆ ಇಂಜಿನ್ನಿನ ಕಿಡಿ ಮಸಿ. ಅತ್ತೆ ಸ್ವೆಟರಿನ ಗುಂಡಿ ಹಾಕಿಕೊಂಡರು, ಕಿವಿಗೆ ಬಟ್ಟೆ ಕಟ್ಟಿಕೊಂಡರು. ಗಾಡಿ ನಿಧಾನವಾಗಿ ಬಿಸಿಲು ಬಿದ್ದಾಗ ಒಂದನ್ನು ಸಡಿಲಿಸಿದರು. ಅವರ ಮುಖ ಪರೀಕ್ಷೆ ಬರೆಯುವ ಮಕ್ಕಳ ಮುಖದಂತಿತ್ತು. ಮಾವ ಕೈಕಟ್ಟಿ ದೂರ ನೋಡುತ್ತಿದ್ದರು. ಬಾಣಾವರ ಇನ್ನೂ ಕಾಣುತ್ತಿರಲಿಲ್ಲ, ಅವರು ಸೀನಿದರು. ಮತ್ತೆ ಸೀನಿದರು. ಅತ್ತೆ ತಮ್ಮ ಶಾಲು ತೆಗೆದು ಅವರಿಗೆ ಹೊದಿಸಿದರು. ಆಮೇಲೆ ತಮ್ಮ ಕಿವಿಯ ಬಟ್ಟೆ ಬಿಚ್ಚಿ ಅವರ ತಲೆಗೆ ಕಟ್ಟಿ ಗದ್ದದ ಕೆಳಗೆ ಗಂಟು ಹಾಕಿದರು. ಮಾವ ಬೇಡವೆನ್ನಲಿಲ್ಲ.

ಹಿಂದಕ್ಕೆ ಬರುವಾಗ ಕೆಮ್ಮಿದ್ದು ಮಾವ.

"ನಿಮ್ಮನ್ನ ಹಡಗು ಹತ್ತಿಸಾಕಾಗಲ್ಲ ಬಿಡ್ರಿ," ಎಂದರು ಅತ್ತೆ. ಮಾವನಿಗೂ ನಗು ಬಂತು. ನಕ್ಕು, ಕಿಟಕಿಯ ಕಡೆ ತಿರುಗಿಕೊಂಡೇ, "ನಿನ್ನ ಕೆಮ್ಮಿಗೆ ಹೆದರಿದ್ದಲ್ಲ ಕಣೇ ನಾನು. ಅಷ್ಟು ದೂರ ಹೋದೋಳು ಹಿಂದಕ್ಕೆ ಬರ್ದೆ ಹೋದ್ರೆ?" ಎಂದರು.

ಅತ್ತೆ ಅವರ ಹೆಗಲಿನಿಂದ ಜಾರಿದ ಶಾಲನ್ನು ಸರಿಮಾಡಿದರು. "ಬರ್ದೆ ಎಲ್ಲಿಗೋಗ್ಲಿ? ಆ ಊರಲ್ಲಿ ನನ್ನ ಜೊತೆ ಜಗಳಾಡೋರು ಯಾರವ್ರೆ?"

ಮಾರನೆಯ ದಿನ ಮಾವ ದೊಡ್ಡ ಟ್ರಂಕು ತಂದರು. ಸೆಕೆಯ ಬಟ್ಟೆ ಮೇಲೆ, ಚಳಿಯದು ಅಡಿಯಲ್ಲಿ ಇಡೋಣವೆಂದು ನಾನು ಹೇಳಿದರೆ ಅತ್ತೆ ಒಪ್ಪಲಿಲ್ಲ. "ಸಮುದ್ರದ ಗಾಳಿ ನಿನ್ನ ಟೈಮ್‌ಟೇಬಲ್ ನೋಡ್ಕಂಡು ಬೀಸ್ತೈತಾ?" ಒಂದೊಂದು ಗಂಟಿನಲ್ಲೂ ಒಂದು ನೂಲಿನ ಸೀರೆ, ಒಂದು ಫ್ಲಾನೆಲ್ ರವಿಕೆ, ಒಂದು ಉಣ್ಣೆಯದು. ಯಾವ ಗಂಟು ಕೈಗೆ ಸಿಕ್ಕರೂ ಯಾವ ಹವೆಗಾದರೂ ಸಲ್ಲಬೇಕು. ಹಮಾಲರು ಟ್ರಂಕಿಗೆ ಗೋಣಿ ಸುತ್ತಿ ದಬ್ಬಣದಿಂದ ಹೊಲಿದುಕೊಟ್ಟರು. ಮಾವ ಬೊಂಬಾಯಿಯವರೆಗೂ ಹೋಗಿ ಹಡಗು ಹತ್ತಿಸಿ ಬಂದು, ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ.

ಹಡಗಿನಲ್ಲಿ ನಡೆದದ್ದನ್ನು ವಾಪಸ್ಸು ಬಂದ ಮೇಲೆ ಅತ್ತೆಯೇ ಹೇಳಿದರು. ಪ್ರಯಾಣದ ಕೊನೆಯಲ್ಲಿ ಸಮುದ್ರ ಕೆರಳಿತಂತೆ. ಅವರ ಕೋಣೆಯಲ್ಲೇ ಒಬ್ಬಳು ಗುಜರಾತಿ ಹುಡುಗಿ, ಹೊಸದಾಗಿ ಮದುವೆಯಾಗಿ ಗಂಡನ ಬಳಿಗೆ ಹೊರಟವಳು. ಅವಳ ಹತ್ತಿರ ಇದ್ದದ್ದು ರೇಷ್ಮೆ ಸೀರೆಗಳು ಮತ್ತು ಒಂದೇ ಒಂದು ದಪ್ಪ ಕೋಟು. ಅಲೆಯ ನೀರು ಎರಚಿ ಆ ಕೋಟೂ ನೆನೆದು, ಅವಳು ವಾಂತಿ ಮಾಡಿಕೊಂಡು ನಡುಗುತ್ತ ಅಳುತ್ತಿದ್ದಳಂತೆ. "ನನ್ನ ಮಾತು ಅವಳಿಗೆ ಬರಲ್ಲ, ಅವಳದ್ದು ನನಗೆ ಬರಲ್ಲ. 'ಎತ್ತೇ ಕೈಯಾ' ಅಂದೆ, ಎತ್ತಿದಳು. ಒಂದೊಂದೇ ಹಾಕ್ದೆ. ನೀಲಾನ ವಯಸ್ಸು ಕಣೇ." ದಿನಕ್ಕೊಂದು ಗಂಟು ಅವಳ ಪಾಲಾಗಿ, ಕೊನೆಗೆ ಅತ್ತೆ ಹಡಗಿನಿಂದ ಇಳಿದದ್ದು ಅದೇ ಕರಿಕಂಬಳಿ ಹೊದ್ದುಕೊಂಡು. ಅವ್ವ ಇಳಿದು ಬರುವುದನ್ನು ಕಂಡು ಬಂದರಿನ ಜನವೆಲ್ಲ ಸರಿದು ದಾರಿ ಬಿಟ್ಟರೆಂದು ನೀಲಾ ಬರೆದಿದ್ದಳು. ಅವಳಿಗೆ ಹೆಣ್ಣು ಮಗು ಸುಖವಾಗಿ ಹುಟ್ಟಿತು. ಅದು ಗೋಡೆ ಹಿಡಿದು ನಿಲ್ಲುವವರೆಗೂ ಅಲ್ಲಿದ್ದು ಅತ್ತೆ ಅರಸೀಕೆರೆಗೆ ಮರಳಿದರು.

ಆಮೇಲೆ ನನಗೆ ಬೇಲೂರಿಗೆ ವರ್ಗವಾಯಿತು. ನಾನು ಅತ್ತೆಯನ್ನು ಕೊನೆಯ ಬಾರಿ ನೋಡಿದ್ದು ಹಳೇಬೀಡಿನ ಕೆರೆ ಏರಿಯ ಮೇಲೆ. ತವರಿಗೆ ಬಂದಿದ್ದರು, ನಾನೂ ರಜೆಗೆ ಹೋಗಿದ್ದೆ. ಕೆರೆ ತುಂಬಿತ್ತು. ನೀರು ನೋಡುತ್ತ ನಿಂತವರು, "ಒಂದು ಮಾತು ಯಾರಿಗೂ ಹೇಳಿಲ್ಲ," ಎಂದರು. "ಒಂದಿನ ಬೆಳಿಗ್ಗೆ ಹಡಗಿನ ಮೇಲಕ್ಕೆ ಹೋದೆ. ಯಾರೂ ಇರ್ಲಿಲ್ಲ. ಸುತ್ತ ಬರೀ ನೀರು. ಸಣ್ಣೋಳಿದ್ದಾಗ ಅವ್ವ ಕಲಿಸಿದ್ದ ರಾಗಿ ಬೀಸೋ ಪದ ಇತ್ತಲ್ಲ, ಅದನ್ನ ಹಾಡಿದೆ. ಜೋರಾಗಿ. ಮದುವೆ ಆದ ಮೇಲೆ ನಾನು ಹಾಡೇ ಇರ್ಲಿಲ್ಲ ಕಣೇ. ಅರಸೀಕೆರೆ ಮನೇಲಿ ಬೈಯೋಕೆ ದನಿ ಎತ್ತಬಹುದು, ಹಾಡೋಕೆ ಎತ್ತೋ ಹಂಗಿರ್ಲಿಲ್ಲ."

"ಈಗ ಹಾಡಿ ಅತ್ತೆ," ಎಂದೆ.

ಅವರು ಆಚೀಚೆ ನೋಡಿದರು. ಕೆಳಗೆ ನೀರಿನಲ್ಲಿ ಒಬ್ಬಾತ ಎತ್ತು ತೊಳೆಯುತ್ತಿದ್ದ. ಅತ್ತೆ ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ಆತ ಎತ್ತಿನ ಬೆನ್ನ ಮೇಲೆ ಕೈಯಿಟ್ಟು ತಿರುಗಿ ನೋಡಿದ. ಅತ್ತೆ ನಿಲ್ಲಿಸಲಿಲ್ಲ.