ಪಟದ ಎರಡನೇ ಕಣ್ಣು

ಭೀಮನಬೀಡಿನ ಚಾಮುಂಡಿಯ ಮನೆಯ ಗೋಡೆಯ ಮೇಲೆ ಗಂಡ ರಂಗನಾಯಕ ಕೋಟು ಹಾಕಿಕೊಂಡು, ಎರಡೂ ಕಣ್ಣು ಬಿಟ್ಟುಕೊಂಡು ಕೂತಿದ್ದಾನೆ. ಬದುಕಿದ್ದಾಗ ಅವನಿಗೆ ಕೋಟೂ ಇರಲಿಲ್ಲ, ಎರಡನೇ ಕಣ್ಣೂ ಇರಲಿಲ್ಲ. ಸೌದೆ ಸೀಳುವಾಗ ಚಕ್ಕೆ ಹಾರಿ ಒಂದು ಕಣ್ಣು ಬೆಳ್ಳಗೆ ಪೊರೆಗಟ್ಟಿತ್ತು. ಅದಕ್ಕೇ ಕ್ಯಾಮೆರಾ ಕಂಡರೆ ಓಡುವ ಆಸಾಮಿ. ಯಾರದೋ ಮದುವೆಯ ಗುಂಪು ಫೋಟೋದಲ್ಲಿ ಒಮ್ಮೆ ಸಿಕ್ಕಿಬಿದ್ದಿದ್ದ, ಅಷ್ಟೆ.

ಅವನು ಜ್ವರ ಬಂದು ತೀರಿಕೊಂಡಾಗ ಮಗ ಕಿರಣ್ ಕುಮಾರ್ ಇನ್ನೂ ತೊಟ್ಟಿಲಲ್ಲಿದ್ದ. ಹಿರಿಯರ ಹಬ್ಬಕ್ಕೆ ಎಡೆ ಇಡಲು ಪಟ ಬೇಕಾಯಿತು. ಮೈದುನ ಪುಟ್ಟಮಾದು, "ಊನ ಇರೋ ಪಟಕ್ಕೆ ಎಡೆ ಇಕ್ಬಾರ್ದು ಕಣತ್ಗೆ. ಕಣ್ ಸರಿ ಮಾಡಿಸ್ಬುಡನ" ಎಂದ. ಚಾಮುಂಡಿ ಹೂಂ ಅಂದಳು. ಗುಂಡ್ಲುಪೇಟೆಯ ಸ್ಟುಡಿಯೋದ ಮಹದೇವಪ್ರಸಾದ್ ಆ ಮದುವೆಯ ಫೋಟೋದಿಂದ ಅವನೊಬ್ಬನನ್ನೇ ಬಿಡಿಸಿ ದೊಡ್ಡದು ಮಾಡಿ, ಕುಂಚ ಹಿಡಿದು ಕೋಟು ತೊಡಿಸಿ, ಬೆಳ್ಳಗಿದ್ದ ಕಣ್ಣಿಗೆ ಪಾಪೆ ಬರೆದುಕೊಟ್ಟ. ನೋಡಿದವರೆಲ್ಲ ಹೊಗಳಿದರು. ಸತ್ತವರ ಊನ ಆಡಬಾರದೆಂದು ಆಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಚಾಮುಂಡಿ ಆ ಪಟಕ್ಕೇ ದಿನಾ ವಿಭೂತಿ ಇಟ್ಟು ಕೈ ಮುಗಿದಳು.

ಎರಡು ಸಾವಿರದ ಏಳರಲ್ಲಿ ಕಿರಣನಿಗೆ ಗಂಡು ಮಗುವಾಯಿತು. ಮಗುವನ್ನು ಪಟದ ಮುಂದೆ ಹಿಡಿದು ಅವನು ಹೇಳಿದ: "ನೋಡವ್ವ, ಅಪ್ಪನ್ ಕಣ್ಣೇ ಬಂದವೆ."

ಚಾಮುಂಡಿಗೆ ನಗು ತಡೆಯಲಾಗಲಿಲ್ಲ. "ನಿಮ್ಮಪ್ಪನ್ಗೆ ಒಂದ್ ಕಣ್ಣು ಕಾಣ್ತಿರ್ಲಿಲ್ಲ ಕಣ್ಲಾ."

"ಸುಮ್ನಿರು. ಪಟದಲ್ಲಿ ಎಂಗವೆ ನೋಡು. ಅಂಗಾರೆ ಯಾವ ಕಣ್ಣವ್ವ?"

ಚಾಮುಂಡಿ ಬಾಯಿ ತೆರೆದಳು. ಎಡವೋ ಬಲವೋ, ಹೊಳೆಯಲಿಲ್ಲ. ಕಣ್ಣು ಮುಚ್ಚಿದರೆ ಕೋಟಿನವನೇ ಬಂದು ನಿಲ್ಲುತ್ತಿದ್ದ, ಕನಸಿನಲ್ಲೂ ಅವನೇ. ಮಗ ನಕ್ಕು ಮಗುವನ್ನು ತೊಟ್ಟಿಲಿಗೆ ಹಾಕಿದ. ಅವಳು ಮಾತ್ರ ಪಟದ ಎರಡೂ ಕಣ್ಣನ್ನು ಬಾರಿ ಬಾರಿ ನೋಡಿದಳು. ಪುಟ್ಟಮಾದು ಈಗಿಲ್ಲ. ಊರಲ್ಲಿ ಬೇರೆ ಯಾರನ್ನಾದರೂ ಕೇಳಬಹುದಿತ್ತು, ಆದರೆ ಗಂಡನ ಮುಖ ಹೇಗಿತ್ತು ಎಂದು ಹೆಂಡತಿ ಇನ್ನೊಬ್ಬರನ್ನು ಕೇಳುವುದುಂಟೇ?

ಮರುದಿನ ಯಾರಿಗೂ ಹೇಳದೆ ಗುಂಡ್ಲುಪೇಟೆಗೆ ಹೋದಳು. ಮಹದೇವಪ್ರಸಾದ್‌ಗೂ ತಲೆ ನರೆತಿತ್ತು. ಕುಂಚದ ಜಾಗದಲ್ಲಿ ಕಂಪ್ಯೂಟರ್ ಕೂತಿತ್ತು.

"ನಮ್ಮೆಜಮಾನ್ರಿಗೆ ಕಣ್ ಬರ್ದ್ಕೊಟ್ಟಿದ್ರಲ್ಲ, ಆ ಹಳೇ ಫೋಟೋ ಅದಾ ಸಾಮಿ?"

"ಎಲ್ಲಮ್ಮ ಈಗ? ಹಳೇವೆಲ್ಲ ಗೆದ್ಲು ಹಿಡ್ದೋದೊ. ಎಷ್ಟ್ ಜನಕ್ಕೆ ಕಣ್ ಬರ್ದಿದೀನೋ, ನಂಗೂ ಗ್ಯಾನ ಇಲ್ಲ. ಯಾವ ಕಣ್ಣು ಅಂತ ಹೇಳಿ, ಹಿಂಗ್ ಅನ್ನೋದ್ರೊಳಗೆ ಮೊದ್ಲಿನಂಗೆ ಮಾಡ್ಕೊಡ್ತೀನಿ."

ಅದನ್ನೇ ಕೇಳಲು ಬಂದವಳು ಏನು ಹೇಳಿಯಾಳು? ಎದ್ದು ಬಂದು ಬಸ್ಸು ಹತ್ತಿದಳು.

ಬಸ್ಸಿಳಿದು ಮನೆಯ ಕಡೆ ನಡೆಯುವಾಗ ಹಿಂದಿನಿಂದ ಟ್ರ್ಯಾಕ್ಟರ್ ಹಾರನ್ ಹೊಡೆಯಿತು. ಚಾಮುಂಡಿ ರಸ್ತೆಯಂಚಿಗೆ ಸರಿದಳು. ಸರಿಯುವಾಗ ಅವಳ ಬಲಗೈ ತಾನಾಗಿಯೇ ಆಚೆ ಚಾಚಿತು, ಪಕ್ಕದವನ ಮೊಣಕೈ ಹಿಡಿದು ಎಳೆಯುವವಳಂತೆ. ಪಕ್ಕದಲ್ಲಿ ಯಾರೂ ಇರಲಿಲ್ಲ.

ಅವಳು ಅಲ್ಲೇ ನಿಂತುಬಿಟ್ಟಳು. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದರೂ ಸಂತೆಗೆ ಹೋದರೂ ಅವನ ಕಾಣದ ಕಣ್ಣಿನ ಕಡೆಗೇ ಅವಳು ನಡೆಯುತ್ತಿದ್ದದ್ದು. ಹಳ್ಳ ತಿಟ್ಟು ಬಂದರೆ ಬಲಗೈಯಿಂದ ಅವನ ಎಡ ಮೊಣಕೈ ಹಿಡಿಯುತ್ತಿದ್ದಳು. ಎಡಗಣ್ಣು. ಬಿಳಿ ಪೊರೆ, ಹುಬ್ಬಿನಲ್ಲಿ ಸೀಳು, ಅವಳನ್ನು ನೋಡಲು ಕತ್ತು ಪೂರ್ತಿ ತಿರುಗಿಸುತ್ತಿದ್ದದ್ದು, ಎಲ್ಲ ಒಟ್ಟಿಗೆ ಬಂದವು. ಚಾಮುಂಡಿ ರಸ್ತೆಯಲ್ಲೇ ಅತ್ತಳು. ಗಂಡ ಸತ್ತಾಗಲೂ ಇಷ್ಟು ಅತ್ತಿರಲಿಲ್ಲ.

ಮನೆಗೆ ಬಂದವಳು ಪಟಕ್ಕೆ ಬೆನ್ನು ಕೊಟ್ಟು, ಅವನಂತೆಯೇ ನಿಂತು, ಎಡ ಯಾವ ಕಡೆ ಎಂದು ಗೊತ್ತು ಮಾಡಿಕೊಂಡಳು. ಆಮೇಲೆ ತಿರುಗಿ, ನೀರಲ್ಲಿ ಕಲಸಿದ ವಿಭೂತಿಯನ್ನು ಗಾಜಿನ ಮೇಲೆ, ಆ ಕಣ್ಣಿಗೆ ಸರಿಯಾಗಿ, ಬೆರಳಲ್ಲಿ ಒತ್ತಿದಳು. ಒಣಗುತ್ತಾ ಅದು ಬೆಳ್ಳಗಾಯಿತು. ಎಷ್ಟೋ ವರ್ಷಕ್ಕೆ ರಂಗನಾಯಕ ಮನೆಗೆ ಬಂದಿದ್ದ.

ಸಂಜೆ ಕಿರಣ ಮಗುವನ್ನೆತ್ತಿಕೊಂಡು ಬಂದ. "ಇದೇನವ್ವ, ವಿಭೂತಿನ ಕಣ್ಮ್ಯಾಲೆ ಬಳ್ದ್ಬುಟ್ಟಿದ್ದೀಯೆ" ಎಂದು ಟವಲಿನಲ್ಲಿ ಗಾಜು ಒರೆಸಿದ.

"ಎಡಗಣ್ಣು ಕಣ್ಲಾ ಮಗ" ಎಂದಳು ಚಾಮುಂಡಿ.

"ಆಯ್ತು ಬುಡವ್ವ" ಎಂದ ಅವನು, ಏನೆಂದು ಕೇಳದೆ. ಮಗುವನ್ನು ಗಾಜಿನ ಹತ್ತಿರ ಹಿಡಿದ. "ನೋಡ್ಲಾ, ನಿಮ್ತಾತ."

ಕೋಟಿನವನು ಮೊಮ್ಮಗನನ್ನು ಎರಡೂ ಕಣ್ಣಿಂದ ನೋಡಿದ. ಮಗು ಅವನಿಗೆ ನಕ್ಕಿತು. ಚಾಮುಂಡಿ ವಿಭೂತಿ ಅಂಟಿದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದಳು.