ಬಾಗಿಲಲ್ಲಿ ಎಣಿಸುವ ಲೆಕ್ಕದಕ್ಕ

ಬೆಳಗಿನ ಐದೂವರೆ. ಅಣು ವಿದ್ಯುತ್ ಸ್ಥಾವರದ ಒಳಬಾಗಿಲಲ್ಲಿ ಲೆಕ್ಕದಕ್ಕ ಆನೆಯಂಥ ಫಿಟ್ಟರ್ ಒಬ್ಬನ ಜೇಬು ತಡಕುತ್ತಿದ್ದಾಳೆ. ಆನೆ ಕುರಿಮರಿಯಂತೆ ಕೈ ಎತ್ತಿ ನಿಂತಿದೆ.

"ಸ್ಪ್ಯಾನರ್ ನಾಲ್ಕು, ಟಾರ್ಚ್ ಒಂದು. ಬೆರಳಲ್ಲೇನದು?"

"ಮದುವೆ ಉಂಗುರ ಅಕ್ಕ. ತೆಗೆದ್ರೆ ಹೆಂಡ್ತಿ ಬೈತಾಳೆ."

"ಒಳಗೆ ಬಿದ್ರೆ ನಾನು ಬೈತೀನಿ. ಯಾರ ಬೈಗುಳ ವಾಸಿ, ನೀನೇ ನೋಡ್ಕೋ."

ಉಂಗುರ ತೆಪ್ಪಗೆ ಡಬ್ಬಿ ಸೇರುತ್ತದೆ.

ಇಂಧನ ಬದಲಿಸಲು ರಿಯಾಕ್ಟರಿನ ಮುಚ್ಚಳ ತೆಗೆದಿರುವ ಕಾಲ ಇದು. ಈಗ ಒಳಗೆ ಒಂದು ಸ್ಕ್ರೂ ಬಿದ್ದರೂ ಸಾಕು, ನೀರಿನ ಜೊತೆ ಸುತ್ತಿ ಸುತ್ತಿ ಇಂಧನದ ಕೊಳವೆಯನ್ನು ಉಜ್ಜಿ ತೂತು ಮಾಡೀತು. ಹೋದದ್ದೆಲ್ಲ ಹೊರಬಂತೆಂದು ಲೆಕ್ಕದಕ್ಕ ಸಹಿ ಹಾಕದೆ ಮುಚ್ಚಳ ಕೂರುವಂತಿಲ್ಲ. ಅವಳನ್ನು ನೇಮಿಸಿದ್ದು ಸ್ಥಾವರವಲ್ಲ, ಹೊರಗಿನ ತಪಾಸಣಾ ಕಚೇರಿ. ಸ್ಥಾವರದ ಸಾಹೇಬರು ಅವಳ ಮೇಲೆ ಹಲ್ಲು ಕಡಿಯಬಹುದು, ಕೆಲಸದಿಂದ ತೆಗೆಯುವಂತಿಲ್ಲ.

ಓದಿದ್ದು ಏಳನೇ ತರಗತಿ. ಮೊದಲು ಇಲ್ಲೇ ಕೆಲಸಗಾರರ ಉಡುಪು ಒಗೆಯುತ್ತಿದ್ದಳು. ಜೇಬುಗಳಲ್ಲಿ ಸಿಕ್ಕ ನಟ್ಟು ಬೋಲ್ಟುಗಳನ್ನೆಲ್ಲ ಒಂದು ದಿನ ತಪಾಸಣಾಧಿಕಾರಿಯ ಮೇಜಿನ ಮೇಲೆ ಸುರಿದಳು. ಅವರು ಅವಳನ್ನೇ ಬಾಗಿಲಿಗೆ ಕೂರಿಸಿದರು. ದಿನಕ್ಕೆ ಆರುನೂರು ಸಾಮಾನು, ಇಪ್ಪತ್ತೆರಡು ವರ್ಷ. ನಕ್ಷತ್ರ ಎಣಿಸಲು ಕೂರಿಸಿದ್ದರೆ ಇಷ್ಟರಲ್ಲಿ ಮುಗಿಸಿ, ಚಂದ್ರನ ಹತ್ತಿರ ಸಹಿ ಕೇಳುತ್ತಿದ್ದಳು.

ಅಂಥವಳೂ ಒಮ್ಮೆ ಎಡವಿದ್ದುಂಟು. ಹೋದ ವರ್ಷ ಲೆಕ್ಕದ ಪುಸ್ತಕದಲ್ಲಿ ಒಳಹೋದ ಅಂಟುಟೇಪಿನ ಸುರುಳಿ ಏಳು, ಹೊರಬಂದದ್ದು ಆರು. ಲೆಕ್ಕದಕ್ಕ ಪೆನ್ನು ಕೆಳಗಿಟ್ಟಳು. ಸಾಹೇಬರು ಓಡಿಬಂದರು.

"ಏನಮ್ಮಾ, ಒಂದು ಟೇಪಿಗೆ ಇಡೀ ಸ್ಥಾವರ ನಿಲ್ಲಿಸ್ತೀಯಾ?"

"ನಾನೆಲ್ಲಿ ನಿಲ್ಲಿಸ್ದೆ ಸಾರ್? ನಿಲ್ಲಿಸಿದ್ದು ಟೇಪು. ಅದು ಸಿಕ್ಕಿದ ತಕ್ಷಣ ನೀವೂ ಮನೆಗೆ, ನಾನೂ ಮನೆಗೆ."

ಒಂಬತ್ತು ಗಂಟೆ ನೀರಿನೊಳಗೆ ಕ್ಯಾಮೆರಾ ಇಳಿಸಿ ಹುಡುಕಿದರು. ಆಮೇಲೆ ಅವಳಿಗೆ ನೆನಪಾಯಿತು. ಹರಿದ ಸುರುಳಿಯೊಂದನ್ನು ಬಾಗಿಲಿಂದಲೇ ವಾಪಸು ಕಳಿಸಿದ್ದಳು. ಆದರೆ ಅದು ಬಾಗಿಲಲ್ಲಿ ಎಳೆದ ಗೆರೆ ದಾಟುವ ಮೊದಲೇ ಪುಸ್ತಕಕ್ಕೆ ಬರೆದುಬಿಟ್ಟಿದ್ದಳು. ಕೈಯಳತೆಯಲ್ಲೇ ಟೇಪು ರಾಶಿ ಬಿದ್ದಿತ್ತು. ಒಂದನ್ನೆತ್ತಿ "ಸಿಕ್ತು" ಎಂದಿದ್ದರೆ ಮುಗಿಯುತ್ತಿತ್ತು. ನಿಜ ಹೇಳಿದರೆ ತಪಾಸಣಾ ಕಚೇರಿಯವರೇ ಮನೆಗೆ ಕಳಿಸಬಹುದಿತ್ತು. ಆದರೂ ಕುಂಬಳಕಾಯಿಯಷ್ಟು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಳು: ತಪ್ಪು ನನ್ನದು.

ಮನೆಯಲ್ಲಿ ತಂಗಿ ತರಾಟೆಗೆ ತೆಗೆದುಕೊಂಡಳಂತೆ. "ನಿಂಗೇನು ತಲೆ ಕೆಟ್ಟಿದ್ಯಾ ಅಕ್ಕ? ಸುಮ್ನಿರೋಕಾಗ್ಲಿಲ್ವಾ?"

"ನಾನೇ ಮುಚ್ಚಿಟ್ರೆ, ನಾಳೆ ಒಳಗೆ ಏನಾದ್ರೂ ಬೀಳಿಸ್ದವನು ನಂಗ್ಯಾಕೆ ಹೇಳ್ತಾನೆ?"

ಕಚೇರಿ ಅವಳನ್ನು ತೆಗೆಯಲಿಲ್ಲ. ಸಾಮಾನು ಗೆರೆ ದಾಟಿದ ಮೇಲೆಯೇ ಬರೆಯಬೇಕು, ಇನ್ನೊಬ್ಬರು ಸರಿನೋಡಬೇಕು ಎಂದು ನಿಯಮ ತಿದ್ದಿತು. ಅವಳ ಕಾಗದವನ್ನು ಎಲ್ಲರೂ ಓದಲೆಂದು ಗೋಡೆಗೆ ಅಂಟಿಸಿತು.

ತಿಂಗಳು ಕಳೆದಿರಲಿಲ್ಲ. ಮುತ್ತು ಉದುರೀತೆಂದು ಬಾಯಿ ತೆರೆಯದ ವೆಲ್ಡರ್ ಒಬ್ಬ ಬೆವರುತ್ತ ಬಾಗಿಲಿಗೆ ಬಂದ. "ಅಕ್ಕ, ಒಂದು ವಾಷರ್ ಬೀಳಿಸ್ಬಿಟ್ಟೆ. ಯಾರೂ ನೋಡ್ಲಿಲ್ಲ."

ಅರ್ಧ ಗಂಟೆಯಲ್ಲಿ ವಾಷರ್ ಎತ್ತಿದರು.

ಅದನ್ನು ಹೇಳುವಾಗ ಲೆಕ್ಕದಕ್ಕನ ಮುಖ ಊರಗಲ. "ಕೇಳ್ದೇನೇ ಬಂದು ಹೇಳ್ದ ನೋಡಿ. ಅಷ್ಟು ಚೆಂದದ ಮಾತು ನಂಗೆ ನನ್ನ ಗಂಡನೂ ಹೇಳಿಲ್ಲ."