ಜಿರಾಯರ್ ತೋರಿಸದ ಮನೆ

ಗೈಡ್ ಜಿರಾಯರ್ ಪ್ರವಾಸಿಗಳನ್ನು ಕರೆತರುವ ವ್ಯಾನನ್ನು ಏಳು ವರ್ಷ ಓಡಿಸಿದವನು ನಾನು. ಬೆಳಿಗ್ಗೆ ಎಂಟಕ್ಕೆ ರಾಜಧಾನಿ ಯೆರೆವಾನಿನಲ್ಲಿ ಪ್ರವಾಸಿಗಳನ್ನು ಹತ್ತಿಸಿಕೊಂಡರೆ ಹತ್ತೂವರೆಗೆ ನಮ್ಮೂರು ಗ್ಯುಮ್ರಿ. ಕಪ್ಪು ಕಲ್ಲಿನ ಹಳೆಯ ಬೀದಿಗಳು, ಚೌಕದ ಚರ್ಚುಗಳು, ಊಟ. ಆಮೇಲೆ ಹೊಳೆಯ ದಂಡೆಯ ಮರ್ಮಶೆನ್ ಮಠ. ಸಂಜೆ ವಾಪಸ್ಸು. ನಾವಿಬ್ಬರೂ ಗ್ಯುಮ್ರಿಯವರೇ ಆದ್ದರಿಂದ ಈ ದಾರಿ ನಮಗೆ ಅಂಗೈ ಗೆರೆಯಷ್ಟೇ ಪರಿಚಿತ.

ಅವನು ಮಾತಾಡತೊಡಗಿದರೆ ಎಂಥವರೂ ನಿಂತು ಕೇಳಬೇಕು. ಹಳೆಯ ಬೀದಿಯಲ್ಲಿ ಕೆತ್ತನೆಯ ಮರದ ಬಾಲ್ಕನಿ ಇರುವ ಒಂದು ಮನೆ ಇದೆ. ಪ್ರತಿ ಸಲವೂ ಅದರ ಮುಂದೆ ನಿಂತು, ದನಿ ತಗ್ಗಿಸಿ, "ನಾನು ಹುಟ್ಟಿದ್ದು ಇಲ್ಲೇ, ನನ್ನ ತಾತ ಕಟ್ಟಿಸಿದ ಮನೆ" ಎನ್ನುತ್ತಿದ್ದ. ಜನ ಅವನನ್ನು ಬಾಗಿಲ ಬಳಿ ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರು. ಮೊದಲ ಸಲ ಅದನ್ನು ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ.

"ಲೋ, ಆ ಮನೆ ಹಲ್ಲಿನ ಡಾಕ್ಟರದ್ದಲ್ವೇನೋ? ನಿಮ್ಮ ತಾತ ಕುದುರೆಗೆ ಲಾಳ ಹೊಡೀತಿದ್ದ. ಅದೂ ಸೊಟ್ಟಸೊಟ್ಟಗೆ ಹೊಡೀತಿದ್ದ."

"ಜನಕ್ಕೆ ಕತೆ ಬೇಕು ಮಾರ್ತಿಕಣ್ಣ. ನಾನು ಬೆಳೆದ ತಗಡಿನ ಡಬ್ಬಿ ತೋರಿಸಿದ್ರೆ 'ಅಯ್ಯೋ ಪಾಪ' ಅಂತಾರೆ. ಆ ಅಯ್ಯೋ ಪಾಪ ನಂಗೆ ಬೇಡ" ಎಂದ.

ಅವನು ಹಾಗೆಂದದ್ದಕ್ಕೆ ಕಾರಣ ನನಗೆ ಗೊತ್ತಿತ್ತು. ಎಂಬತ್ತೆಂಟರ ಭೂಕಂಪದಲ್ಲಿ ನಮ್ಮೂರು ಕುಸಿದಾಗ ಅವನಿಗೆ ಆರು ವರ್ಷ. ತಂದೆ ಕಾರ್ಖಾನೆಯ ಕಟ್ಟಡದ ಅಡಿಯಲ್ಲಿ ಹೋದ. ತಾಯಿ ಅರುಸ್ಯಾಕ್ ಮಗನನ್ನು ಕಟ್ಟಿಕೊಂಡು ಸರ್ಕಾರ ಕೊಟ್ಟ ತಾತ್ಕಾಲಿಕ ತಗಡಿನ ಮನೆ ಸೇರಿದಳು. "ಎರಡೇ ವರ್ಷ, ಆಮೇಲೆ ಫ್ಲ್ಯಾಟು" ಎಂದು ಎಲ್ಲರಿಗೂ ಹೇಳಿದ ಹಾಗೆ ಅವಳಿಗೂ ಹೇಳಿದ್ದರು. ಆ ಮೊದಲ ಚಳಿಗಾಲದಲ್ಲಿ ಯಾರೋ ವಿದೇಶದವರು, ದೊಡ್ಡವರ ಕೋಟು ತೊಟ್ಟು ಬಿಸ್ಕತ್ತಿನ ಪೊಟ್ಟಣ ಹಿಡಿದು ನಿಂತಿದ್ದ ಜಿರಾಯರ್‌ನ ಫೋಟೊ ತೆಗೆದರು. ಅದು ಎಲ್ಲೋ ಅಚ್ಚಾಗಿ, ಅದರ ಒಂದು ಪ್ರತಿ ಶಾಲೆಯ ಗೋಡೆಗೂ ಬಂತು. ಹತ್ತನೆಯ ತರಗತಿಯವರೆಗೂ ಹುಡುಗರು ಅವನನ್ನು "ಬಿಸ್ಕತ್ತು" ಎಂದೇ ಕರೆದರು.

ಮನೆ ಕಟ್ಟಲು ಬಂದ ಫ್ರಾನ್ಸಿನ ಕೆಲಸಗಾರರ ಹಿಂದೆ ಸುತ್ತಿ ಭಾಷೆ ಕಲಿತ. ಯೆರೆವಾನಿಗೆ ಹೋಗಿ ಓದಿದ. ಮಗನಾಗಿ ಅವನಲ್ಲಿ ಕೊರತೆ ಇರಲಿಲ್ಲ. ಬಿಡುವಿದ್ದ ಭಾನುವಾರಗಳಲ್ಲಿ ಬಂದು ಚಾವಣಿಗೆ ಡಾಂಬರು ಬಳಿದು, ಔಷಧಿ ಕೊಟ್ಟು ಹೋಗುತ್ತಿದ್ದ. ತನ್ನ ಜೊತೆ ಬಂದಿರು ಎಂದು ಎಷ್ಟೋ ಸಲ ಕರೆದಿದ್ದ. ಅರುಸ್ಯಾಕ್ ಒಪ್ಪಿರಲಿಲ್ಲ. "ನಾನು ಕದಲಿದ್ರೆ ಫ್ಲ್ಯಾಟಿನ ಪಟ್ಟೀಲಿ ನನ್ನ ಹೆಸರು ಹೊಡೆದು ಹಾಕ್ತಾರೆ. ಮೂವತ್ತು ವರ್ಷ ಕಾದೋಳು ಇನ್ನೊಂದು ವರ್ಷ ಕಾಯ್ಲಾರ್ನೇ?" ಎನ್ನುತ್ತಿದ್ದಳು. ಪ್ರತಿ ವರ್ಷವೂ ಹಾಗೇ ಎನ್ನುತ್ತಿದ್ದಳು.

ಇದು ನಡೆದದ್ದು ಜೂನ್ ತಿಂಗಳಲ್ಲಿ. ಅಂದು ಫ್ರಾನ್ಸಿನ ಎಂಟು ಜನರಿದ್ದರು. ಅವರಲ್ಲಿ ಎಪ್ಪತ್ತು ದಾಟಿದ ಶಾಕೆ ಎಂಬ ನಿವೃತ್ತ ಟೀಚರು ನಮ್ಮವಳೇ. ಲಿಯೋನಿನಲ್ಲಿ ಹುಟ್ಟಿದರೂ ಅಜ್ಜಿಯಿಂದ ನಮ್ಮ ಭಾಷೆ ಕಲಿತಿದ್ದಳು. ಊಟ ಮುಗಿಸಿ ಹೊರಟರೆ ಮಠದ ರಸ್ತೆಯನ್ನು ಪೈಪಿಗಾಗಿ ಅಗೆದಿದ್ದರು. ಪೊಲೀಸಿನವನು ಪಕ್ಕದ ಮಣ್ಣುದಾರಿ ತೋರಿಸಿದ. ಅದು ತಗಡಿನ ಮನೆಗಳ ನಡುವೆ ಹಾಯುವ ದಾರಿ. ಜಿರಾಯರ್ ನನ್ನ ಕಿವಿಯ ಬಳಿ ಬಂದು, "ಬೇಗ ದಾಟಿಸಣ್ಣ" ಎಂದ. ಬೇಗ ದಾಟಿಸಲು ಹೋಗಿಯೇ ಚೂಪಾದ ಕಬ್ಬಿಣದ ಮೇಲೆ ಹತ್ತಿಸಿದೆ. ಚಕ್ರ ಬುಸ್ಸೆಂದಿತು.

ಅರುಸ್ಯಾಕ್‌ಳ ಮನೆಯಿಂದ ನಾಲ್ಕು ಮನೆ ಈಚೆಗೆ ನಿಂತಿದ್ದೆವು. ಅವಳು ಅಂಗಳದಲ್ಲಿ ಹಾಸಿಗೆಯ ಉಣ್ಣೆ ತೊಳೆದು, ಒಣಗಿಸಿ, ಕೋಲಿನಿಂದ ಬಡಿಯುತ್ತಿದ್ದಳು. ವ್ಯಾನ್ ನೋಡಿದಳು, ನನ್ನನ್ನು ನೋಡಿದಳು, ಬಾಗಿಲಲ್ಲಿ ಇಳಿಯುತ್ತಿದ್ದ ಮಗನನ್ನು ನೋಡಿದಳು. ಮುಖವೆಲ್ಲ ಅರಳಿತು. ಕೋಲನ್ನು ಅಲ್ಲೇ ಬಿಸಾಡಿ, ಮೈಮೇಲೆ ಉಣ್ಣೆ ಮೆತ್ತಿಕೊಂಡೇ ಓಡಿ ಬಂದಳು.

ಅವಳು ಬಾಯಿ ತೆರೆಯುವ ಮೊದಲೇ ಜಿರಾಯರ್ ಗಟ್ಟಿಯಾಗಿ, "ನಮಸ್ಕಾರ. ನಾವು ಪ್ರವಾಸಕ್ಕೆ ಬಂದೋರು. ಟೈರ್ ಹೋಗಿದೆ. ನಿಮಗೆ ತೊಂದರೆ ಕೊಡಲ್ಲ, ಈಗ ಹೊರಟುಬಿಡ್ತೀವಿ" ಎಂದ.

ಹೆತ್ತ ತಾಯಿಯನ್ನು "ನೀವು" ಎಂದ.

ಅವಳು ಅರ್ಧ ಎತ್ತಿದ ಕೈಯನ್ನು ಇಳಿಸಿ ಸೊಂಟಕ್ಕೆ ಕಟ್ಟಿಕೊಂಡಿದ್ದ ಏಪ್ರನ್ನಿಗೆ ಒರೆಸಿಕೊಂಡಳು. ನನ್ನತ್ತ ನೋಡಿದಳು. ನಾನು ಜಾಕಿ ಹುಡುಕುವ ನೆಪದಲ್ಲಿ ಗಾಡಿಯ ಅಡಿಗೆ ಬಗ್ಗಿದೆ. ಅಷ್ಟು ಹೊತ್ತಿಗೆ ಅವಳ ದನಿ ಕೇಳಿಸಿತು: "ತೊಂದರೆ ಏನು ಬಂತು? ಇಷ್ಟು ಬಿಸಿಲಲ್ಲಿ ನಿಂತ್ಕೋತಾರೇನು ಯಾರಾದ್ರೂ? ಬನ್ನಿ, ಕಾಫಿ ಕುಡೀರಿ. ಒಂದು ನಿಮಿಷ ಕೊಡಿ, ಒಳಗೆ ಚೆಲ್ಲಾಪಿಲ್ಲಿಯಾಗಿದೆ."

ಒಂದು ನಿಮಿಷವಲ್ಲ, ಮೂರು ನಿಮಿಷ ಒಳಗಿದ್ದಳು.

ನಾನು ಚಕ್ರ ಬಿಚ್ಚಿಟ್ಟು ಕೈ ತೊಳೆಯಲೆಂದು ಹೋದಾಗ ಎಲ್ಲರೂ ಒಳಗೆ ಮಂಚದ ಮೇಲೆ, ಸ್ಟೂಲಿನ ಮೇಲೆ ಒತ್ತಿಕೊಂಡು ಕೂತಿದ್ದರು. ತಗಡು ಕಾದು ಒಲೆಯಾಗಿತ್ತು. ಎದುರಿನ ಗೋಡೆಯಲ್ಲಿ ಜಿರಾಯರ್ ಪದವಿ ಪಡೆದ ದಿನದ ದೊಡ್ಡ ಫೋಟೊ ಇರುತ್ತಿತ್ತು. ಈಗ ಅಲ್ಲಿ ಒಂದು ಮೊಳೆ, ಅದರ ಕೆಳಗೆ ಮಾಸದೆ ಉಳಿದ ಬಣ್ಣದ ಒಂದು ಚೌಕ. ಜಿರಾಯರ್ ಅದಕ್ಕೆ ಬೆನ್ನು ಮಾಡಿ ನಿಂತಿದ್ದ. ಅವನಿಗೂ ಕಂಡಿತ್ತೆಂದು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಅರುಸ್ಯಾಕ್ ಒಬ್ಬೊಬ್ಬರಿಗೂ ಕಾಫಿ ಕೊಟ್ಟಳು. ಮಗನ ಮುಂದೆ ಬಂದಾಗ, "ಸಕ್ಕರೆ ಎಷ್ಟು ಹಾಕ್ಲಿ, ಗೈಡ್ ಅವರೇ?" ಎಂದು ಕೇಳಿದಳು.

ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಮಗ ಹಿಡಿದ ಕೆಲಸ ಕೆಡಬಾರದೆಂಬ ಕಾಳಜಿ ಮಾತ್ರ ಇತ್ತು.

"ಒಂದು" ಎಂದ ಅವನು. ಅವನು ಸಕ್ಕರೆ ಹಾಕಿಕೊಳ್ಳುವವನೇ ಅಲ್ಲ.

ಶಾಕೆ ಕೇಳಿದಳು: "ಒಬ್ಬರೇ ಇದೀರಾ ತಾಯಿ? ಮಕ್ಕಳಿಲ್ವಾ?"

"ಒಬ್ಬ ಮಗ ಇದಾನೆ. ಯೆರೆವಾನಲ್ಲಿ. ಭಾಳಾ ಓದಿದೋನು. ನಾಲ್ಕು ಭಾಷೆ ಮಾತಾಡ್ತಾನೆ."

ಉಳಿದವರಿಗೆ ನಮ್ಮ ಭಾಷೆ ಬಾರದು. ಏನಂದಳು ಎಂದು ಜಿರಾಯರ್‌ನ ಮುಖ ನೋಡಿದರು. ಅವನು ಫ್ರೆಂಚಿನಲ್ಲಿ ಹೇಳಿದ.

"ನೋಡಕ್ಕೆ ಬರ್ತಾನಾ?"

"ಬರ್ದೇ ಏನು! ಈ ಚಾವಣಿಗೆ ಡಾಂಬರು ಹಾಕಿದ್ದು ಅವನೇ. ಅವನಿಗೆ ಪುರುಸೊತ್ತು ಕಮ್ಮಿ. ನನ್ನನ್ನ ಕರ್ಕೊಂಡು ಹೋಗ್ತೀನಿ ಅಂತಾನೆ, ನಾನೇ ಮೊಂಡು."

ಅದನ್ನೂ ಅವನೇ ಹೇಳಬೇಕಾಯಿತು. ಅರ್ಧದಲ್ಲಿ ಕೆಮ್ಮು ಬಂದವನ ಹಾಗೆ ಬಾಯಿಗೆ ಮುಷ್ಟಿ ಹಿಡಿದು ನಿಲ್ಲಿಸಿದ.

ಹೊರಡುವಾಗ ಶಾಕೆ ಬಾಗಿಲಲ್ಲಿ ನಿಂತು ಜಿರಾಯರ್‌ಗೆ, "ಇಂಥ ಹೆಂಗಸನ್ನ ಈ ತಗಡಲ್ಲಿ ಬಿಟ್ಟು ಹೋಗಿದಾನಲ್ಲ, ಎಂಥಾ ಮಗನೋ ಅವನು!" ಎಂದಳು. ಅವನು ಹೌದೆಂದು ತಲೆಯಾಡಿಸಿದ. ಅರುಸ್ಯಾಕ್‌ಗೆ ಕೇಳಿಸಿತು.

"ನನ್ನ ಮಗನ್ನ ಬೈಬೇಡಿ ಅಮ್ಮ. ನಮ್ಮೂರಲ್ಲಿ ಮಗನ್ನ ಬೈಯೋ ಹಕ್ಕು ಹೆತ್ತೋಳಿಗೆ ಮಾತ್ರ. ನಾನಿನ್ನೂ ಶುರು ಮಾಡಿಲ್ಲ" ಎಂದು ನಕ್ಕಳು.

ಮರ್ಮಶೆನ್ ತಲುಪಿದೆವು. ಕೆಂಪು ಕಲ್ಲಿನ ಚರ್ಚಿನ ಮುಂದೆ ನಿಂತು ಅವನು ಏನೋ ಹೇಳಿದ. ಯಾವ ರಾಜ, ಯಾವ ವರ್ಷ ಎಲ್ಲ ಅದಲು ಬದಲು. ಶಾಕೆಯೇ ಕೈಯಲ್ಲಿದ್ದ ಪುಸ್ತಕ ನೋಡಿ ತಿದ್ದಿದಳು. ಜನ ಮೇಣದಬತ್ತಿ ಹಚ್ಚಲು ಒಳಗೆ ಹೋದಾಗ ಅವನು ಹೊಳೆಯ ಕಡೆ ಇಳಿದ. ನಾನೂ ಹಿಂದೆ ಹೋದೆ.

"ಹಾಗನ್ನೋಕೆ ನಾಲಿಗೆ ಹೇಗೋ ಬಂತು ನಿಂಗೆ?" ಎಂದೆ.

"ಗೊತ್ತಿಲ್ಲ. ಬಂದುಬಿಡ್ತು." ನನ್ನತ್ತ ತಿರುಗಿ, "ನೀನೂ ಸುಮ್ನೇ ಇದ್ದೆಯಲ್ಲಣ್ಣ" ಎಂದ.

ಅರುಸ್ಯಾಕ್ ನನಗೆ ನೆರೆಯವಳು. ನನ್ನ ಮದುವೆಗೆ ರೊಟ್ಟಿ ತಟ್ಟಿದವಳು. ಅವಳು ಕಣ್ಣಲ್ಲೇ ಕೇಳಿದಾಗ ನಾನು ಗಾಡಿಯ ಅಡಿ ಹೊಕ್ಕಿದ್ದೆ.

ವಾಪಸ್ಸು ಬರುವಾಗ ಅದೇ ಮಣ್ಣುದಾರಿಯಲ್ಲಿ ಅವನು "ನಿಲ್ಸು" ಎಂದ. ಇಳಿದು ಅಂಗಳಕ್ಕೆ ಹೋಗಿ, ಉಣ್ಣೆ ಬಡಿಯುತ್ತಿದ್ದ ತಾಯಿಯ ಕೈಹಿಡಿದು ವ್ಯಾನಿನ ಬಾಗಿಲವರೆಗೆ ಕರೆತಂದ. ಅವಳು ಹಿಂದಕ್ಕೆ ಜಗ್ಗುತ್ತಿದ್ದಳು. ಅವನು ಮೊದಲು ಫ್ರೆಂಚಿನಲ್ಲಿ, ಆಮೇಲೆ ನಮ್ಮ ಭಾಷೆಯಲ್ಲಿ ಹೇಳಿದ: "ಇವರು ನನ್ನ ತಾಯಿ. ಬೆಳಿಗ್ಗೆ ತೋರಿಸಿದ ಬಾಲ್ಕನಿ ಮನೆ ನಮ್ಮದಲ್ಲ. ನಾನು ಬೆಳೆದದ್ದು ಇಲ್ಲಿ."

ಹಿಂದಿನ ಸೀಟಿನ ಒಬ್ಬ ಹೆಂಗಸು ಕಿಟಕಿಯ ಕಡೆ ತಿರುಗಿದಳು. ಶಾಕೆ ಎದ್ದು ನಿಂತು, ಮತ್ತೆ ಕೂತಳು.

ತಪ್ಪೊಪ್ಪಿಕೊಂಡ ಮೇಲೆ ಎಲ್ಲ ಸರಿಹೋಯಿತೆಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಅರುಸ್ಯಾಕ್‌ಳ ಮುಖ ಕೆಂಪಾಯಿತು. ಆ ದಿನ ಅದೇ ಮೊದಲು ಅವಳು ತಲೆತಗ್ಗಿಸಿದ್ದು.

"ಯಾಕೋ ಹೇಳಿದೆ?" ಎಂದಳು ಮೆಲ್ಲಗೆ. "ಅವರ ಕಣ್ಣಲ್ಲಿ ನನ್ನ ಮಗ ದೊಡ್ಡ ಮನುಷ್ಯ ಆಗಿದ್ದ. ತಾಯೀನ ಗುರುತಿಲ್ಲ ಅಂದೋನು ಅಂತ ಈಗ ಊರಿಗೆ ಹೋಗಿ ಹೇಳ್ತಾರಲ್ಲೋ. ಇಬ್ಬರ ಮಾನಾನೂ ತೆಗೆದೆ."

ಕೈ ಬಿಡಿಸಿಕೊಂಡು ಒಳಗೆ ಹೋದಳು. ಬಾಗಿಲು ಹಾಕಿದ ಸದ್ದು ತಗಡಿನುದ್ದಕ್ಕೂ ಗಡಗಡ ಎಂದಿತು.

ಆಮೇಲಿನ ಭಾನುವಾರಗಳಲ್ಲಿ ಬಂದ. ಅವಳು ಊಟಕ್ಕೆ ಬಡಿಸಿದಳು, ಬಟ್ಟೆ ಒಗೆದಳು, ಆ ವಿಷಯ ಎತ್ತಲಿಲ್ಲ. ಅವನು ಕ್ಷಮೆ ಕೇಳಲು ಹೊರಟರೆ ಒಲೆಯ ಮೇಲಿನದು ಉಕ್ಕಿತೆಂದು ಎದ್ದುಬಿಡುತ್ತಿದ್ದಳಂತೆ. ಬಾಲ್ಕನಿಯ ಮನೆಯ ಮುಂದೆ ಅವನು ಮತ್ತೆ ನಿಲ್ಲಲಿಲ್ಲ. ಆ ಬೀದಿಯನ್ನೇ ಬಿಟ್ಟು ಸುತ್ತಿಬಳಸಿ ಹೋಗುತ್ತಿದ್ದ.

ಸೆಪ್ಟೆಂಬರಿನಲ್ಲಿ ಒಂದು ದಿನ ಅವಳ ಒಲೆಯ ಕೊಳವೆ ಸರಿಮಾಡಲು ನಾನು ಹೋಗಿದ್ದೆ. ನಾನು ಸ್ಟೂಲಿನ ಮೇಲೆ ನಿಂತಿದ್ದೆ. ಕೆಳಗೆ ಬೀನ್ಸ್ ಬಿಡಿಸುತ್ತ ಕೂತವಳು ತಲೆಯೆತ್ತದೆ ಕೇಳಿದಳು: "ಮಾರ್ತಿಕ್, ಅವತ್ತು ಹಾಗೆ ಮಾತಾಡು ಅಂತ ಅವನಿಗೆ ಯಾರಾದ್ರೂ ಹೇಳಿದ್ರಾ?"

ನಾನು ಕೊಳವೆಯನ್ನು ಹಿಡಿದೇ ನಿಂತೆ. ಮೂರು ತಿಂಗಳಿಂದ ಅವಳು ಈ ಒಂದು ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ನೋಡಿದ್ದಾಳೆ, ಎಲ್ಲೋ ಒಂದು ಸಂದಿಯಲ್ಲಿ ಮಗನ ತಪ್ಪಿಲ್ಲದ ಜಾಗ ಹುಡುಕುತ್ತಿದ್ದಾಳೆ ಎಂದು ಹೊಳೆಯಿತು.

"ನಾನೇ ಹೇಳಿದ್ದು" ಎಂದೆ. "ಕೆಲಸದ ಮಧ್ಯೆ ನೆಂಟರನ್ನ ಮಾತಾಡಿಸಿದ್ರೆ ಟೂರ್ ಕಂಪನಿ ಸಾಹೇಬ್ರು ಕೆಲಸದಿಂದ ತೆಗೀತಾರೆ, ಗುರುತಿಲ್ಲದೋರ ಹಾಗೆ ಇರು ಅಂತ ಗಾಡೀಲೇ ಹೇಳಿದ್ದೆ. ಅವನು ಪಾಪ ಹೆದರಿಕೊಂಡ."

ಅವಳು ಬೀನ್ಸಿನ ಬುಟ್ಟಿ ಕೆಳಗಿಟ್ಟು ಎದ್ದಳು. ಆಮೇಲೆ ನಾನು ಕೇಳಿದ ಬೈಗುಳವನ್ನು ಬರೆಯುವ ಹಾಗಿಲ್ಲ. ಗ್ಯುಮ್ರಿಯ ಹೆಂಗಸರ ಬಾಯಿ ಗೊತ್ತಿದ್ದವರು ಊಹಿಸಿಕೊಳ್ಳಬಹುದು. ನನ್ನ ಅಪ್ಪ, ಅವರಪ್ಪ, ನನ್ನ ಗಾಡಿ, ನನ್ನ ಬೋಳು ತಲೆ ಯಾವುದನ್ನೂ ಬಿಡಲಿಲ್ಲ. "ಕತ್ತೆ! ಮಗು ತಲೆ ಕೆಡಿಸಿದ್ದು ನೀನಾ! ಇಳಿ ಕೆಳಗೆ!" ಎಂದು ಸೌಟು ಹಿಡಿದು ಬೀದಿಯವರೆಗೆ ಅಟ್ಟಿಸಿಕೊಂಡು ಬಂದಳು. ಮೂವತ್ತಾರು ವರ್ಷದ ಗಂಡಸು ಅವಳಿಗೆ ಮಗು.

ಅವಳು ನಿಜವಾಗಿ ನಂಬಿದಳೋ, ನಂಬಬೇಕೆಂದು ನಂಬಿದಳೋ ನನಗೆ ತಿಳಿಯದು. ಮುಂದಿನ ವಾರ ಜಿರಾಯರ್ ಫೋನ್ ಮಾಡಿದ. ಅಮ್ಮ ರಾತ್ರಿಯೆಲ್ಲ ನನ್ನನ್ನು ಶಪಿಸುತ್ತ, ಅವನ ತಲೆ ಸವರುತ್ತ ಕೂತಿದ್ದಳೆಂದು ಹೇಳಿದ.

"ಮಾರ್ತಿಕಣ್ಣ, ನಾನು ಇಲ್ಲ ಅನ್ಬೇಕಿತ್ತು. ಅದು ಸುಳ್ಳು, ತಪ್ಪು ನಂದೇ ಅನ್ಬೇಕಿತ್ತು. ಬಾಯಿಗೆ ಬಂತು. ಅವಳ ಮುಖ ನೋಡಿ ನುಂಗಿಕೊಂಡೆ."

"ನುಂಗಿಕೋ" ಎಂದೆ. "ನಾನೂ ನುಂಗ್ಕೊಂಡಿದೀನಿ."

ಅವನು ಇಂದಿಗೂ ಪ್ರವಾಸಿಗಳನ್ನು ಕರೆತರುತ್ತಾನೆ. ನಾನು ವ್ಯಾನ್ ಬಿಟ್ಟೆ. ಅರುಸ್ಯಾಕ್‌ಗೆ ಕೊನೆಗೂ ನಾಲ್ಕನೆಯ ಮಹಡಿಯಲ್ಲಿ ಫ್ಲ್ಯಾಟ್ ಸಿಕ್ಕಿತು. ಸಾಮಾನು ಹೊತ್ತು ಮೆಟ್ಟಿಲು ಹತ್ತಿದವನು ನಾನೇ. ಪ್ರತಿ ಮಹಡಿಯಲ್ಲೂ ನಿಲ್ಲಿಸಿ ಬೈದಳು.